ನನ್ನ ಹೆಡ್‌ಲೈಟಿನ ಎದುರು ನಿಂತು ನೋಡಿದಾಗ

ಭದ್ರಾವತಿಯ ಹಳೇನಗರದ ಒಂದು ಲ್ಯಾಬಿನಲ್ಲಿ ನಾನು ರಕ್ತ ಪರೀಕ್ಷೆ ಮಾಡುವವಳು. ಮನೆ ಶಿವಮೊಗ್ಗದ ವಿದ್ಯಾನಗರದಲ್ಲಿ. ನನ್ನದು ಮಧ್ಯಾಹ್ನದ ಪಾಳಿ. ಕೊನೆಯ ವರದಿಗೆ ಸಹಿ ಹಾಕಿ ಹೊರಡುವಾಗ ಸಂಜೆ ಏಳು ದಾಟಿರುತ್ತದೆ. ಬಹಳ ವರ್ಷ ಬಸ್ಸಿಗೇ ಓಡಾಡಿದೆ. ನಲವತ್ತೆಂಟರಲ್ಲಿ ಹಟ ಹಿಡಿದು ಕಾರು ಕಲಿತು, ಒಬ್ಬ ಡಾಕ್ಟರು ಹತ್ತು ವರ್ಷ ಬಳಸಿ ಮಾರಲಿಟ್ಟಿದ್ದ ಸಣ್ಣ ಕಾರೊಂದನ್ನು ಕೊಂಡೆ. ನಮ್ಮ ಮನೆಯಲ್ಲಿ ಅದನ್ನು ಓಡಿಸುವವಳು ನಾನೊಬ್ಬಳೇ. ನನ್ನ ಯಜಮಾನರು ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. "ನಾಲ್ಕು ಚಕ್ರ ನಂಗೆ ಜಾಸ್ತಿ ಆಗುತ್ತೆ ಮಾರಾಯ್ತಿ, ಎರಡೇ ಸಾಕು" ಎಂದು ಸ್ಕೂಟರನ್ನು ಬಿಟ್ಟು ಅಲ್ಲಾಡಿದವರಲ್ಲ.

ಅದು ಭತ್ತದ ಕೊಯ್ಲು ಮುಗಿಯುತ್ತಿದ್ದ ಸಮಯ. ಆ ದಿನಗಳಲ್ಲಿ ಭದ್ರಾವತಿ ದಾರಿಯ ತುಂಬ ಹುಲ್ಲು ಹೇರಿದ ಟ್ರ್ಯಾಕ್ಟರುಗಳು. ಟ್ರಾಲಿಯ ಎರಡೂ ಪಕ್ಕಕ್ಕೆ ಹುಲ್ಲು ಚಾಚಿಕೊಂಡು, ಹಿಂದಿನ ಕೆಂಪು ದೀಪ ಇದ್ದರೂ ಕಾಣುವುದಿಲ್ಲ. ಅದೂ ಸಾಲದೆಂದು ರಸ್ತೆ ಅಗಲ ಮಾಡುವ ಕೆಲಸ ನಡೆದು, ಅಲ್ಲಲ್ಲಿ ಹೋಗುವವರು ಬರುವವರು ಎಲ್ಲ ಒಂದೇ ಕಡೆ. ಒಂದು ರಾತ್ರಿ ಹಾಗೇ ಮನೆಗೆ ಬರುತ್ತಿದ್ದೆ, ಮಾಚೇನಹಳ್ಳಿ ಇನ್ನೂ ಬಂದಿರಲಿಲ್ಲ. ನನ್ನ ದೀಪದ ಮಂಕು ಬೆಳಕಿನಲ್ಲಿ ಮುಂದೆ ಕಪ್ಪಗೆ ಏನೋ ಇದ್ದಂತಾಯಿತು. ಮರದ ನೆರಳಿರಬೇಕು ಅಂದುಕೊಳ್ಳುವಷ್ಟರಲ್ಲಿ ಅದು ಹುಲ್ಲಿನ ಗೋಡೆಯಾಗಿ ಕಣ್ಣೆದುರೇ ಎದ್ದು ನಿಂತಿತು. ಇದ್ದ ಬಲವನ್ನೆಲ್ಲ ಹಾಕಿ ಬ್ರೇಕು ಒತ್ತಿದೆ. ಕಾರು ನಿಂತಾಗ ಟ್ರಾಲಿಗೂ ನನಗೂ ಒಂದು ಮೊಳ ಅಂತರ. ಬಾನೆಟ್ಟಿನ ಮೇಲೆ ನಾಲ್ಕು ಹುಲ್ಲೆಸಳು ಬಂದು ಬಿದ್ದವು.

ಟಯರು ಪಂಕ್ಚರಾಗಿ ಗಾಡಿ ನಿಲ್ಲಿಸಿಕೊಂಡಿದ್ದ ಟ್ರ್ಯಾಕ್ಟರಿನವನು ಓಡಿ ಬಂದ.

"ಏನಕ್ಕಾ, ನಿಮ್ಮ ಗಾಡೀಲಿ ಲೈಟಿಲ್ವಾ?"

"ನಿನ್ನ ಟ್ರಾಲೀಲಿ ಇದೆಯಾ?" ಎಂದೆ. ಜೋರಾಗಿ ಕೇಳಬೇಕೆಂದಿದ್ದೆ, ದನಿ ಅರ್ಧಕ್ಕೇ ಒಡೆಯಿತು. ಅವನು ನನ್ನ ಮುಖ ನೋಡಿ ಮೆತ್ತಗಾದ. ನೀರಿನ ಬಾಟಲಿ ತಂದುಕೊಟ್ಟ. ಆಮೇಲೆ ಇಬ್ಬರೂ ಸೇರಿ ರಸ್ತೆ ಕೆಲಸದವರು ಬಿಟ್ಟುಹೋಗಿದ್ದ ಎರಡು ಡ್ರಮ್ಮುಗಳನ್ನು ಉರುಳಿಸಿ ತಂದು ಟ್ರಾಲಿಯ ಹಿಂದೆ ದೂರಕ್ಕೆ ನಿಲ್ಲಿಸಿದೆವು. ಮನೆ ಸೇರಿ ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೆ ಹೋದೆ. ಯಜಮಾನರಿಗೆ ಏನೂ ಹೇಳಲಿಲ್ಲ. ಹೇಳಿದ್ದರೆ "ನಾಳೆಯಿಂದ ಬಸ್ಸಿಗೆ ಹೋಗು" ಅನ್ನುತ್ತಿದ್ದರು. ಆ ಮಾತು ನನಗೆ ಬೇಡವಾಗಿತ್ತು.

ಮಾರನೆಯ ಬೆಳಿಗ್ಗೆಯೇ ಶಿವಮೊಗ್ಗದ ಪೇಟೆಯಲ್ಲಿ ಕಾರಿನ ಸಾಮಾನು ಮಾರುವ ಅಂಗಡಿಯೊಂದಕ್ಕೆ ಹೋದೆ. ಹೆಡ್‌ಲೈಟಿಗೆ ಒಳ್ಳೆ ಬಲ್ಬು ಬೇಕು ಎಂದೆ. ಅಂಗಡಿಯವರು ನನ್ನ ಹಿಂದೆ, ನನ್ನ ಪಕ್ಕದಲ್ಲಿ ನೋಡಿದರು.

"ಸರ್ ಬಂದಿಲ್ವಾ ಮೇಡಂ?"

"ಯಾವ ಸರ್?"

"ಅಲ್ಲ, ಗಾಡಿ ಓಡ್ಸೋರು."

"ಓಡ್ಸೋಳು ನಾನೇ."

ಅವರು ಅದನ್ನು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಈಗ ಯೋಚಿಸಿದರೆ ಹಾಗನಿಸುತ್ತದೆ. ಆದರೆ ಆವತ್ತು ನನಗೆ ಮೈ ಉರಿಯಿತು. ಕೇಳಬೇಕಾದ ಪ್ರಶ್ನೆಗಳೆಲ್ಲ ಗಂಟಲಲ್ಲೇ ಉಳಿದವು. ಏನಾದರೂ ಕೇಳಿದರೆ ಇವಳಿಗೆ ಏನೂ ಗೊತ್ತಿಲ್ಲ ಅಂದುಕೊಳ್ಳುತ್ತಾರಲ್ಲ ಎಂಬ ಬಿಂಕ. ಗಾಜಿನ ಮೇಜಿನ ಮೇಲೆ ಸಾಲಾಗಿ ಉರಿಸಿಟ್ಟಿದ್ದ ಬಲ್ಬುಗಳಲ್ಲಿ ಎಲ್ಲಕ್ಕಿಂತ ಬೆಳ್ಳಗೆ, ಕಣ್ಣು ಕೋರೈಸುವಂತೆ ಉರಿಯುತ್ತಿದ್ದ ಎಲ್‌ಇಡಿಯೊಂದನ್ನು ತೋರಿಸಿ "ಅದೇ ಇರ್ಲಿ" ಎಂದೆ. ಹತ್ತು ನಿಮಿಷದಲ್ಲಿ ಹಳೆಯ ಬಲ್ಬು ಕಿತ್ತು ನನ್ನ ಕೈಗಿಟ್ಟು ಹೊಸದನ್ನು ಕೂರಿಸಿಕೊಟ್ಟರು.

ಆ ಸಂಜೆಯ ಸಂಭ್ರಮವನ್ನು ಏನೆಂದು ಹೇಳಲಿ! ಊರು ದಾಟಿ ದೀಪ ಹಾಕಿದೆ ನೋಡಿ, ರಸ್ತೆಗೆ ಸುಣ್ಣ ಬಳಿದಂತಾಯಿತು. ಬೇಲಿಯ ಎಲೆಎಲೆಯೂ ಕಾಣುತ್ತಿತ್ತು. ದೂರದ ಮೈಲಿಕಲ್ಲಿನ ಅಕ್ಷರ ಓದಿದೆ, ಓದಬೇಕಾದ ಅಗತ್ಯವಿಲ್ಲದಿದ್ದರೂ. ಇಷ್ಟು ದಿನ ಯಾಕೆ ಕುರುಡಿಯಂತೆ ಓಡಿಸಿದೆನೋ ಅಂದುಕೊಂಡೆ. ಎದುರಿಗೆ ಬರುವ ಗಾಡಿಗಳು ನನಗೆ ದೀಪ ಮಿಟುಕಿಸುತ್ತಿದ್ದವು. ಒಬ್ಬ ಲಾರಿಯವನಂತೂ ಉದ್ದಕ್ಕೆ ಹಾರನ್ ಬಾರಿಸಿಕೊಂಡೇ ಹೋದ. ನಾನು ದೀಪವನ್ನು ತಗ್ಗಿಸಿಯೇ ಇದ್ದೆ, ಆದ್ದರಿಂದ ತಪ್ಪು ಅವರದೇ ಎಂದು ತೀರ್ಮಾನಿಸಿದೆ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯೂ ಆಯಿತು. ಇಷ್ಟು ಕಾಲ ಎಲ್ಲರಿಗೂ ದಾರಿ ಬಿಟ್ಟುಕೊಂಡು ಓಡಿಸಿದವಳು ನಾನು. ಈಗ ಅವರೇ ಪಕ್ಕಕ್ಕೆ ಸರಿಯುತ್ತಿದ್ದರು.

ಮೂರನೆಯ ದಿನ ಅಕಾಲದ ತುಂತುರು ಬಿತ್ತು. ಆವತ್ತು ಒಂದು ವಿಚಿತ್ರ ನೋಡಿದೆ. ಬೆಳಕು ಅಷ್ಟೇ ಇದೆ, ಆದರೆ ರಸ್ತೆಯೇ ಇಲ್ಲ! ಒದ್ದೆಯಾದ ಡಾಂಬರು ಬೆಳಕನ್ನೆಲ್ಲ ನುಂಗಿಕೊಂಡಿತ್ತು. ಕಣ್ಣ ಮುಂದೆ ಬರೀ ಬಿಳಿ ಮಳೆಯ ಎಳೆಗಳು. ನಿದಿಗೆಯಿಂದ ವಿದ್ಯಾನಗರದವರೆಗೆ ಮುಂದಿನ ಬಸ್ಸಿನ ಹಿಂದೆ ಆಮೆಯ ಹಾಗೆ ಬಂದೆ. ಆದರೂ ಬಲ್ಬಿನ ಮೇಲೆ ಅನುಮಾನ ಹುಟ್ಟಲಿಲ್ಲ. ನಾನೇ ಆರಿಸಿದ ಬಲ್ಬಲ್ಲವೇ?

ನಾಲ್ಕನೆಯ ದಿನ, ಶನಿವಾರ. ಮುಖ್ಯರಸ್ತೆ ಬಿಟ್ಟು ನಮ್ಮ ಅಡ್ಡರಸ್ತೆಗೆ ಕಾರು ತಿರುಗಿಸಿದೆ. ಅಲ್ಲೊಂದು ಮನೆ ಕಟ್ಟುತ್ತಿದ್ದರು. ಅರ್ಧ ರಸ್ತೆಗೆ ಮರಳಿನ ರಾಶಿ. ಎದುರಿನಿಂದ ಒಂದು ಸ್ಕೂಟರು ಬರುತ್ತಿತ್ತು. ನನ್ನ ಬೆಳಕು ಅದರ ಮೇಲೆ ಬಿದ್ದದ್ದೇ, ಸ್ಕೂಟರಿನವರು ಒಂದು ಕೈಯನ್ನು ಕಣ್ಣಿಗೆ ಅಡ್ಡ ಹಿಡಿದರು, ಗಾಡಿ ಅತ್ತ ವಾಲಿತು, ಇತ್ತ ವಾಲಿತು, ಸೀದಾ ಹೋಗಿ ಮರಳಿಗೆ ನುಗ್ಗಿ ಮಲಗಿತು. ಕೈಚೀಲದಿಂದ ಟೊಮೇಟೊಗಳು ಚೆಲ್ಲಿ ನನ್ನ ಕಾರಿನತ್ತ ಉರುಳಿಕೊಂಡು ಬಂದವು.

"ಯಾವನಯ್ಯಾ ಅವ್ನು! ಕಣ್ಣಿಗೆ ಬೆಂಕಿ ಇಡ್ತೀಯೇನೋ? ಆರ್ಸೋ ಲೈಟು! ಅಪ್ಪನ ಮನೆ ರಸ್ತೆ ಅನ್ಕೊಂಡಿದೀಯಾ?"

ಮೂವತ್ತು ವರ್ಷದ ಸಂಸಾರದಲ್ಲಿ ಆ ದನಿ ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು. ಆದರೂ ದನಿ ಯಾರದೆಂದು ತಿಳಿಯಲು ಒಂದು ಕ್ಷಣವೂ ಬೇಕಾಗಲಿಲ್ಲ. ದೀಪ ಆರಿಸಿ, ಬಾಗಿಲು ತೆಗೆದು ಓಡಿದೆ.

"ರೀ, ನಾನು ಕಣ್ರೀ."

ಅವರು ಮರಳಿನಲ್ಲಿ ಕೂತು ಕಣ್ಣು ಉಜ್ಜಿಕೊಳ್ಳುತ್ತಿದ್ದರು. ಬೆಳಕು ಹೋದ ಮೇಲೂ ಅವರಿಗೆ ನಾನು ಕಾಣುತ್ತಿರಲಿಲ್ಲವೆಂದು ಆಮೇಲೆ ಹೇಳಿದರು. ಕಣ್ಣ ಮುಂದೆ ಎರಡು ಹಸಿರು ಬಿಲ್ಲೆಗಳು ಮಾತ್ರ ತೇಲುತ್ತಿದ್ದವಂತೆ.

"ನೀನಾ?" ಎಂದರು ದನಿ ಬಂದ ದಿಕ್ಕಿಗೆ ಮುಖ ಮಾಡಿ. "ಆ ಗಾಡಿಯವ್ನು ಓಡಿಹೋದ್ನಾ? ನಂಬರ್ ನೋಡ್ಕೊಂಡ್ಯಾ?"

"ಆ ಗಾಡಿಯವ್ನು ನಾನೇ."

ಅವರು ಕಣ್ಣು ಉಜ್ಜುವುದನ್ನು ನಿಲ್ಲಿಸಿ ಕೈ ಚಾಚಿದರು. ನಾನು ಹಿಡಿದು ಎಬ್ಬಿಸಿದೆ. ಪಕ್ಕದ ಮನೆಯ ಗೇಟು ಕಿರ್ರೆಂದಿತು, ಯಾರೋ ಇಣುಕಿ ನೋಡಿ ಒಳಗೆ ಹೋದರು. ಯಜಮಾನರ ಬಲ ಮೊಣಕೈ ತರಚಿತ್ತು, ಅಷ್ಟೇ. ಮರಳು ಅವರನ್ನು ಉಳಿಸಿತ್ತು. ಎರಡು ಮಾರು ಮುಂದೆ ಜಲ್ಲಿಕಲ್ಲಿನ ರಾಶಿ ಇತ್ತು. ಟೊಮೇಟೊ ಆರಿಸುವ ನೆಪದಲ್ಲಿ ಬಗ್ಗಿ ಸೆರಗಿನಿಂದ ಮೂಗು ಒರೆಸಿಕೊಂಡೆ.

"ಅಳ್ಬೇಡ ಮಾರಾಯ್ತಿ," ಎಂದರು ಅವರು, ಸ್ಕೂಟರು ಎತ್ತುತ್ತಾ. "ನಾನಾಗಿದ್ದಕ್ಕೆ ಬೈದು ಬಿಟ್ಟೆ. ಬೇರೆಯವ್ರಾಗಿದ್ರೆ?"

ಬೈಗುಳಕ್ಕಿಂತ ಆ ಪ್ರಶ್ನೆ ನನಗೆ ಹೆಚ್ಚು ನಾಟಿತು. ಸುಮ್ಮನೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಅವರನ್ನು ಕಾರಿನೊಳಗೆ ಕೂರಿಸಿ, ದೀಪಕ್ಕೆ ಸ್ಟಿಯರಿಂಗಿನ ಪಕ್ಕದ ಯಾವ ಕಡ್ಡಿ ತಿರುಗಿಸಬೇಕೆಂದು ತೋರಿಸಿದೆ. "ನಾನು ಕೈ ಎತ್ತಿದಾಗ ಹಾಕಿ" ಎಂದು ಹೇಳಿ, ಅವರು ಬಿದ್ದಿದ್ದ ಜಾಗಕ್ಕೆ ಹೋಗಿ ನಿಂತು ಕೈ ಎತ್ತಿದೆ.

ಏನು ಹೇಳಲಿ! ಬೆಳಕು ಮುಖಕ್ಕೆ ಹೊಡೆದಂತಾಯಿತು. ಕಾರು ಮಾಯ, ಬೀದಿ ಮಾಯ, ನನ್ನ ಕಾಲ ಬುಡದ ಮರಳೂ ಮಾಯ. ತಗ್ಗಿಸಿದ ದೀಪವೇ ಅದು. ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಬಿಳಿ. ನಾಲ್ಕು ದಿನದಿಂದ ಈ ಬೆಳಕನ್ನು ಎಷ್ಟು ಜನರ ಮುಖಕ್ಕೆ ಎರಚಿಕೊಂಡು ಬಂದಿದ್ದೆನೋ. ಮಿಟುಕಿಸಿದ ದೀಪಗಳು, ಆ ಲಾರಿಯವನ ಹಾರನ್, ಎಲ್ಲ ನೆನಪಾಗಿ ಕಿವಿ ಬಿಸಿಯಾಯಿತು. ಮೊಣಕೈಗೆ ಮುಲಾಮು ಹಚ್ಚುವಾಗ ಹುಲ್ಲಿನ ಟ್ರಾಲಿಯ ವಿಷಯವನ್ನೂ ಹೇಳಿಬಿಟ್ಟೆ. ಬಸ್ಸಿಗೆ ಹೋಗು ಎಂದು ಅವರು ಅನ್ನಲಿಲ್ಲ. "ಸರಿ, ಈಗ ಲೈಟು ಗೊತ್ತಿರೋರನ್ನ ಹುಡುಕು" ಎಂದರು, ಅಷ್ಟೇ.

ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ. ಭದ್ರಾವತಿಯಲ್ಲಿ ತಿಂಗಳಿಗೊಮ್ಮೆ ಸಕ್ಕರೆ ಪರೀಕ್ಷೆಗೆ ಬರುವ ಒಬ್ಬ ಹಿರಿಯರಿದ್ದರು. ಲ್ಯಾಬಿನಲ್ಲಿ ಎಲ್ಲರೂ ಅವರನ್ನು ಚಾಚಾ ಎಂದೇ ಕರೆಯುವುದು. ಅವರ ಎಡಗೈಯ ರಕ್ತನಾಳ ಎಲ್ಲಿದೆಯೆಂದು ನನಗೆ ಕಣ್ಣು ಮುಚ್ಚಿಯೂ ಗೊತ್ತು. ಆದರೆ ಅವರ ಉಗುರಿನ ಸಂದಿಯ ಕಪ್ಪು ಯಾವ ಕೆಲಸದ್ದೆಂದು ಒಂದು ದಿನವೂ ಕೇಳಿರಲಿಲ್ಲ. ಸೋಮವಾರ ಅವರ ತೋಳಿಗೆ ಪಟ್ಟಿ ಕಟ್ಟುತ್ತಾ, ಪಕ್ಕದಲ್ಲಿದ್ದ ಸಹೋದ್ಯೋಗಿಗೆ ನನ್ನ ಕಥೆ ಹೇಳುತ್ತಿದ್ದೆ. ಚಾಚಾ ನಡುವೆ ಬಾಯಿ ಹಾಕಿದರು.

"ಅಮ್ಮಾ, ನಿಮ್ಮ ಗಾಡೀಲಿ ಲೈಟಿನ ಗಾಜು ಹಳದಿ ಆಗಿದೆಯಾ?"

"ಸ್ವಲ್ಪ ಮಬ್ಬಾಗಿದೆ ಚಾಚಾ."

"ಹಂಗಾದ್ರೆ ಹಳೇ ಬಲ್ಬ್‌ದು ತಪ್ಪಿಲ್ಲ, ಬಿಡಿ. ನಲವತ್ತು ವರ್ಷದಿಂದ ಗಾಡಿ ವೈರಿಂಗ್ ಮಾಡ್ತಾ ಇದೀನಿ ನಾನು. ನೀವು ನನ್ನ ಶುಗರ್ ನೋಡ್ತೀರಿ, ನಾನು ನಿಮ್ಮ ಲೈಟು ನೋಡ್ತೀನಿ. ಬನ್ನಿ, ಭಾನುವಾರ."

ಅಲ್ಲಿಯವರೆಗೆ ನಾನಾಗಿಯೇ ಬಸ್ಸಿಗೆ ಓಡಾಡಿದೆ. ಭಾನುವಾರ ಮಧ್ಯಾಹ್ನ ಯಜಮಾನರೂ ಜೊತೆಗೆ ಬಂದರು. "ಗಾಯಾಳು ನಾನೇ ತಾನೇ, ಸಾಕ್ಷಿ ಬೇಕಾಗುತ್ತೆ" ಎಂದು ನಗಾಡಿದರು. ಚಾಚಾನ ಅಂಗಡಿ ಹಳೇನಗರದ ಒಂದು ಗಲ್ಲಿಯಲ್ಲಿ. ಒಂದು ಬಾಗಿಲಿನ ಕೋಣೆ, ಹೊರಗೆ ಹೊಂಗೆ ಮರದ ನೆರಳು. ಅವರು ಮೊದಲು ಮಾಡಿದ್ದು ನನ್ನ ಹಳೆಯ ಬಲ್ಬನ್ನು ಒಂದು ಕಡೆ ಮತ್ತೆ ಕೂರಿಸಿದ್ದು. ಆಮೇಲೆ ಮೀಟರು ತಂದು ಬ್ಯಾಟರಿಗೆ ಅದರ ಎರಡು ಕಡ್ಡಿ ತಾಗಿಸಿ ನನಗೆ ಅಂಕಿ ತೋರಿಸಿದರು. ಹನ್ನೆರಡೂವರೆ ವೋಲ್ಟು. ನಂತರ ದೀಪ ಉರಿಸಿ ಬಲ್ಬಿನ ಹತ್ತಿರ ತಾಗಿಸಿದರು. ಹತ್ತೂ ಚಿಲ್ಲರೆ.

"ಏನರ್ಥ ಆಯ್ತು?"

"ದಾರೀಲಿ ಎಲ್ಲೋ ಸೋರ್ತಾ ಇದೆ."

"ಶಾಬ್ಬಾಸ್! ಹೊಟ್ಟೆಗೆ ಹಾಕಿದ್ದು ಕೈಗೆ ಬರ್ತಾ ಇಲ್ಲ. ವೈರು ಸಣ್ಣದು, ಹಳೇದು. ಮೇಲೆ ಗಾಜು ಮಬ್ಬು. ಪಾಪ, ಬಲ್ಬು ಏನ್ಮಾಡುತ್ತೆ? ನೀವು ಅದನ್ನ ಕಿತ್ತು ಬೆಂಕಿ ತಂದು ಇಟ್ರಿ."

ಎಲ್‌ಇಡಿಯನ್ನು ಕೈಯಲ್ಲಿ ಹಿಡಿದು ಅವರು ವಿವರಿಸಿದರು. ಅದು ಕೆಟ್ಟ ಸಾಮಾನೇನಲ್ಲ. ಅದಕ್ಕೆಂದೇ ಮಾಡಿದ ದೀಪದೊಳಗೆ ಚೆನ್ನಾಗಿಯೇ ಉರಿಯುತ್ತದೆ. ನನ್ನ ಕಾರಿನ ದೀಪದೊಳಗಿನ ಹೊಳೆಯುವ ಬಟ್ಟಲನ್ನು ಮಾಡಿರುವುದು ಹಳೆಯ ಬಗೆಯ ಬಲ್ಬಿನ ಸಣ್ಣ ತಂತಿಯ ಲೆಕ್ಕಕ್ಕೆ. ತಂತಿ ಇರಬೇಕಾದ ಜಾಗದಲ್ಲಿ ಬೇರೇನೋ ಉರಿದರೆ ಬೆಳಕು ಹೇಳಿದ ಮಾತು ಕೇಳದೆ ನಾಲ್ಕು ದಿಕ್ಕಿಗೂ ಚೆಲ್ಲುತ್ತದೆ. ಇಷ್ಟನ್ನು ಅವರು ನನ್ನ ಕಡೆಯೇ ನೋಡಿ ಹೇಳಿದರು, ಯಜಮಾನರ ಕಡೆಗಲ್ಲ. ನಾನು ಒಂದರ ಮೇಲೊಂದು ಪ್ರಶ್ನೆ ಕೇಳಿದೆ. ಅಂಗಡಿಯಲ್ಲಿ ನುಂಗಿದ್ದ ಪ್ರಶ್ನೆಗಳೆಲ್ಲ ಆಗ ಹೊರಬಂದವು. ಯಾವುದಕ್ಕೂ ಅವರು ನಗಲಿಲ್ಲ.

ಕೆಲಸ ಶುರುವಾಯಿತು. ಬ್ಯಾಟರಿಯಿಂದ ದೀಪಕ್ಕೆ ನೇರವಾಗಿ ದಪ್ಪ ವೈರು ಎಳೆದು, ನಡುವೆ ರಿಲೇ ಎಂಬ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದನ್ನು ಕೂರಿಸುವುದು ಅವರ ಕೆಲಸ. ಆಗ ಸ್ವಿಚ್ಚಿನ ಸಣ್ಣ ವೈರಿನ ಮೇಲೆ ಭಾರ ಬೀಳುವುದಿಲ್ಲ, ಬಲ್ಬಿಗೆ ಬೇಕಾದಷ್ಟು ಕರೆಂಟು ತಲುಪುತ್ತದೆ. ಗಾಜು ಉಜ್ಜುವುದು ನಮ್ಮ ಕೆಲಸ. ಒಂದು ಬಕೆಟ್ ನೀರು, ನಯವಾದ ಉಪ್ಪುಕಾಗದ. ಎಡಗಡೆಯ ದೀಪ ನನಗೆ, ಬಲಗಡೆಯದು ಯಜಮಾನರಿಗೆ. ಉಜ್ಜಿದಂತೆಲ್ಲ ಹಾಲಿನಲ್ಲಿ ಅರಿಸಿನ ಕಲಸಿದಂಥ ನೀರು ಇಳಿಯುತ್ತಿತ್ತು. ಮೊದಮೊದಲು ಗಾಜು ಇನ್ನಷ್ಟು ಮಬ್ಬಾಯಿತು.

"ಚಾಚಾ, ಕೆಡಿಸಿಬಿಟ್ವಿ ಅನ್ಸುತ್ತೆ!" ಎಂದು ಯಜಮಾನರು ಗಾಬರಿಯಾದರು.

"ಉಜ್ಜಿ ಸರ್, ಉಜ್ಜಿ. ಪಾತ್ರೆ ತಿಕ್ಕಿದ ಅಭ್ಯಾಸ ಇಲ್ಲ ಅಂತ ಕಾಣುತ್ತೆ."

ನಾನು ಬಗ್ಗಿಕೊಂಡೇ ನಕ್ಕೆ. ಇನ್ನೂ ನಯವಾದ ಕಾಗದ, ಆಮೇಲೆ ಪಾಲಿಶು, ಮೆತ್ತನೆಯ ಬಟ್ಟೆ. ನೋಡನೋಡುತ್ತಿದ್ದಂತೆ ಗಾಜಿನೊಳಗಿನ ಬೆಳ್ಳಿ ಬಟ್ಟಲು ತಿಳಿನೀರಿನ ತಳದ ಹಾಗೆ ಕಾಣಿಸಿಕೊಂಡಿತು. ಯಜಮಾನರು ತಮ್ಮ ದೀಪವನ್ನು ನೋಡುತ್ತಾ ಎಷ್ಟೋ ಹೊತ್ತು ನಿಂತಿದ್ದರು. ಪೇಪರ್‌ಟೌನಿನ ಕಡೆಯಿಂದ ಬಂದ ಚಾಚಾನ ಗೆಳೆಯರೊಬ್ಬರು ಹಾದುಹೋಗುತ್ತಾ "ಹೊಸ ಲೈಟ್ ಹಾಕ್ಸಿದ್ರಾ?" ಎಂದಾಗ ಯಜಮಾನರ ಮುಖ ಅರಳಿದ್ದು ನೋಡಬೇಕಿತ್ತು.

ಬಲ್ಬು ಮಾತ್ರ ಸಾಧಾರಣದ್ದು. ಕಂಪನಿಯವರು ಹೇಳಿದ ಅಳತೆಯದೇ, ತಂತಿ ಉರಿಯುವ ಬಗೆಯ ಹೊಸ ಹ್ಯಾಲೊಜೆನ್. ಇನ್ನೂ ಜೋರಿನದು ಬೇಡವೇ ಎಂದು ಕೇಳಿದ್ದಕ್ಕೆ ಚಾಚಾ ತಲೆಯಾಡಿಸಿದರು. "ಜೋರಿಂದು ಹಾಕಿದ್ರೆ ಹೋಲ್ಡರ್ ಸುಟ್ಟುಹೋಗುತ್ತೆ. ಅದೂ ಅಲ್ದೆ, ಎದುರಿಗೆ ಬರೋನೂ ನಿಮ್ಮ ಹಂಗೇ ಮನೆಗೆ ಹೋಗ್ಬೇಕಲ್ಲಮ್ಮಾ."

ಕತ್ತಲಿಳಿಯುವ ಹೊತ್ತಿಗೆ ಕೊನೆಯ ಕೆಲಸ: ದೀಪದ ಮುಖ ಸರಿಪಡಿಸುವುದು. ಗಲ್ಲಿಯ ಕೊನೆಯಲ್ಲಿ ಪಾಳುಬಿದ್ದ ಗೋದಾಮಿನ ಬಿಳಿ ಗೋಡೆಯಿತ್ತು. ಅದರಿಂದ ಎಂಟು ಹತ್ತು ಹೆಜ್ಜೆ ಹಿಂದೆ, ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿದೆ. ದೀಪದ ಎತ್ತರವನ್ನು ದಾರದಲ್ಲಿ ಅಳೆದು ಗೋಡೆಯ ಮೇಲೆ ಅಡ್ಡಗೆರೆ ಎಳೆಯಬೇಕಿತ್ತು. ಚಾಚಾ ಪಟ್ಟಿ ಹುಡುಕುತ್ತಿದ್ದರು. ಯಜಮಾನರು ಅವರ ಕೈಯಿಂದ ನೀಲಿ ಸೀಮೆಸುಣ್ಣ ತೆಗೆದುಕೊಂಡು, ಗೋಡೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತಾ ಒಂದೇ ಎಳೆತದಲ್ಲಿ ಗೆರೆ ಎಳೆದರು. ಚಾಚಾ ಒಂದು ಕಣ್ಣು ಮುಚ್ಚಿ ಆ ತುದಿಯಿಂದ ಈ ತುದಿಯವರೆಗೆ ನೋಡಿದರು.

"ಯಾ ಅಲ್ಲಾ! ನೂಲು ಹಿಡಿದಂಗಿದೆ. ಏನು ಕೆಲಸ ಸರ್ ನಿಮ್ದು?"

"ಡ್ರಾಯಿಂಗ್ ಮೇಷ್ಟ್ರು."

"ಅದಕ್ಕೇ. ಈಗ ಇದರ ಕೆಳಗೆ ನಾಲ್ಕು ಬೆರಳು ಬಿಟ್ಟು ಇನ್ನೊಂದು ಎಳೀರಿ. ಆಮೇಲೆ ಗಾಡೀಲಿ ಕೂತ್ಕೊಳ್ಳಿ, ಒಬ್ರು ಒಳಗಿರ್ಬೇಕು." ಅವರು ಕೂತರು. ಚಾಚಾ ಅವರನ್ನೂ ನನ್ನನ್ನೂ ನೋಡಿದರು. "ಬೇಡ ಸರ್, ಇಳೀರಿ. ದಿನಾ ಓಡ್ಸೋರು ಅಮ್ಮ. ಅವರ ತೂಕಕ್ಕೇ ಗಾಡಿ ಎಷ್ಟು ಕೂರುತ್ತೋ ಅಷ್ಟಕ್ಕೇ ಲೈಟು ಕೂರಿಸ್ಬೇಕು."

"ಅವಳ ತೂಕ ನನಗಿಂತ ಜಾಸ್ತಿ ಅಂತ ನೀವೇ ಹೇಳಿದ್ದು, ನಾನಲ್ಲ" ಎನ್ನುತ್ತಾ ಯಜಮಾನರು ಇಳಿದರು.

ನಾನು ಕೂತು ದೀಪ ಹಾಕಿದೆ. ಚಾಚಾ ಬಾನೆಟ್ಟಿನೊಳಗೆ ಕೈ ಇಳಿಬಿಟ್ಟು ಸ್ಕ್ರೂ ತಿರುಗಿಸುತ್ತಿದ್ದಂತೆ, ಗೋಡೆಯ ಮೇಲಿನ ಬೆಳಕು ಮೆಲ್ಲಗೆ ಜಾರಿ ಕೆಳಗಿನ ಗೆರೆಗೆ ಬಂದು ನಿಂತಿತು. ಬಲಗಡೆ, ಅಂದರೆ ಎದುರಿನವರು ಬರುವ ಕಡೆ, ಮಟ್ಟಸವಾಗಿತ್ತು. ಎಡಗಡೆ ಮಾತ್ರ ಸ್ವಲ್ಪ ಮೇಲಕ್ಕೆ ಏರುತ್ತಿತ್ತು. ರಸ್ತೆಯಂಚಿನಲ್ಲಿ ನಡೆದುಹೋಗುವವರು ಕಾಣಲೆಂದು ಹಾಗಿಟ್ಟಿರುವುದಂತೆ. ಕಾರು ಮಾಡಿದವರು ಇಷ್ಟೆಲ್ಲ ಯೋಚಿಸಿದ್ದರೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಯಜಮಾನರು ಹೇಳದೆಯೇ ಹೋಗಿ ಗೋಡೆಯ ಬಳಿ, ಕಾರಿಗೆ ಮುಖಮಾಡಿ ನಿಂತರು. ಕೈಯನ್ನು ಕಣ್ಣಿಗೆ ಅಡ್ಡ ಹಿಡಿಯಲಿಲ್ಲ.

"ನಿನ್ನ ಮುಖ ಕಾಣ್ತಾ ಇದೆ" ಎಂದು ಕೂಗಿದರು. "ನಗ್ತಾ ಇದೀಯ."

ಕತ್ತಲಲ್ಲೇ ಇಬ್ಬರೂ ಮನೆಗೆ ಹೊರಟೆವು. ಬೆಳಕು ಎಲ್‌ಇಡಿಯಷ್ಟು ಬೆಳ್ಳಗಿರಲಿಲ್ಲ, ತುಪ್ಪದ ಬಣ್ಣ ಅದರದು. ಆದರೆ ಹರಡಿದ ಕಡೆ ಹದವಾಗಿ ಹರಡಿತ್ತು. ಡಾಂಬರಿನ ಗುಂಡಿ, ಅಂಚಿನ ಬಿಳಿಗೆರೆ, ಸೈಕಲ್ಲು ತಳ್ಳಿಕೊಂಡು ಹೋಗುತ್ತಿದ್ದ ಮುದುಕರೊಬ್ಬರ ಪಂಚೆ, ಎಲ್ಲ ಮೊದಲೇ ಕಾಣುತ್ತಿದ್ದವು. ಎದುರಿಗೆ ಬಂದ ಲಾರಿ, ಬಸ್ಸು, ಬೈಕುಗಳು ಸುಮ್ಮನೆ ಹಾದುಹೋದವು. ಯಜಮಾನರು ಎಣಿಸುತ್ತಿದ್ದರಂತೆ. ಮಲವಗೊಪ್ಪ ದಾಟಿದ ಮೇಲೆ "ಒಬ್ರೂ ಮಿಟುಕಿಸ್ಲಿಲ್ಲ" ಎಂದರು.

ಹರಿಗೆಯ ಹತ್ತಿರ ಮಂಡಕ್ಕಿ ಗಾಡಿ ಕಂಡಿತು. ನಿಲ್ಲಿಸು ಎಂದರು. ಇಬ್ಬರ ಉಗುರಲ್ಲೂ ಪಾಲಿಶಿನ ಕಪ್ಪು. ಗಾಡಿಯವನು ಕೊಟ್ಟ ನೀರಿನಲ್ಲಿ ಎಷ್ಟು ತೊಳೆದರೂ ಹೋಗಲಿಲ್ಲ. ಹಾಗೇ ಕಾರಿಗೆ ಒರಗಿ ನಿಂತು ಖಾರದ ಮಂಡಕ್ಕಿ ತಿಂದೆವು. ಮೆಣಸಿನಕಾಯಿ ಬೋಂಡಾ ಬಿಸಿ ಇದೆ ಎಂದು ಅವರು ಇನ್ನೆರಡು ಹೇಳಿದರು. ಹಸಿವೆಯೋ ಸಮಾಧಾನವೋ, ಅಷ್ಟು ರುಚಿಯಾದ ಮಂಡಕ್ಕಿ ನಾನು ತಿಂದದ್ದಿಲ್ಲ. "ಮುಂದಿನ ಭಾನುವಾರ ಏನು ರಿಪೇರಿ?" ಎಂದು ಅವರು ಬಾಯಿತುಂಬ ಬೋಂಡಾ ಇಟ್ಟುಕೊಂಡೇ ಕೇಳಿದರು. ವೈಪರ್ ಬ್ಲೇಡು ಹೋಗಿದೆ ಎಂದೆ. ಅದನ್ನು ನಾವೇ ಹಾಕೋಣ ಎಂದರು.